ನೋಡಿಲ್ಲ ಎಂದವಳ ಸಾಕ್ಷಿ

ಲಕ್ಷ್ಮೇಶ್ವರ
12 ನವೆಂಬರ್ 2025

ವೀರೇಶಾ,

'ಎಲ್ಲರೂ ಕ್ಷೇಮ' ಎಂದು ಬರೆದು ಶುರು ಮಾಡಬೇಕೆಂದು ಅವ್ವ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ನಾನು ಕ್ಷೇಮ. ಅವ್ವನ ಮೊಣಕಾಲು ಕ್ಷೇಮವಿಲ್ಲ. ಅಪ್ಪನಿಗೆ ನೆಗಡಿ. ಇದ್ದದ್ದು ಇಷ್ಟು.

ನಿಮ್ಮ ಹಾಸ್ಟೆಲ್ಲಿನಲ್ಲಿ ಮೊಬೈಲ್ ಇಸಿದುಕೊಂಡು ಕಪಾಟಿಗೆ ಹಾಕಿ ಕೀಲಿ ಹಾಕುತ್ತಾರೆಂದು ಕೇಳಿ ಮೊದಲು ನಗು ಬಂದಿತ್ತು. ಈಗ ಅನಿಸುತ್ತದೆ, ರವಿವಾರ ವಾರ್ಡನ್ ಎದುರು ನಿಂತು 'ಊಟ ಆತಾ? ಆತು' ಎನ್ನುವುದಕ್ಕಿಂತ ಪತ್ರವೇ ವಾಸಿ. ನೀನು ಕಳಿಸಿದ ತರ್ಕಶಾಸ್ತ್ರದ ಟಿಪ್ಪಣಿಯನ್ನು ಪೂರ್ತಿ ಓದಿದೆ. ಮನುಷ್ಯರು ವಾದ ಮಾಡುವಾಗ ಎಲ್ಲೆಲ್ಲಿ ಜಾರುತ್ತಾರೆ ಎಂಬುದಕ್ಕೆಲ್ಲ ಹೆಸರಿಟ್ಟಿದ್ದಾರಲ್ಲ, ಬಹಳ ಹಿಡಿಸಿತು. ಇಂಥ ವಿಷಯ ಇದೆ ಎಂದು ಗೊತ್ತಿದ್ದರೆ ಹತ್ತನೇ ಇಯತ್ತೆ ಅರ್ಧಕ್ಕೆ ಬಿಡುತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಅದು ಸುಳ್ಳು. ಬೆಂಚಿನ ಮೇಲೆ ಅಲುಗಾಡದೆ ಕೂರುವುದು ನನ್ನಿಂದ ಆಗುವುದಿಲ್ಲ. ಬಟ್ಟೆ ಅಂಗಡಿಯ ಕೆಲಸ ಹೋದದ್ದು ಮಾತ್ರ ಬೇರೆ ಕಾರಣಕ್ಕೆ. ಬಣ್ಣ ಬಿಡುತ್ತದೆಯೇ ಎಂದು ಗಿರಾಕಿಗಳು ಕೇಳುತ್ತಿದ್ದರು, ಬಿಡುತ್ತದೆ ಎಂದು ನಾನು ಹೇಳುತ್ತಿದ್ದೆ.

ನಾನೀಗ ದುಡಿಯುವ ಗದಿಗೆವ್ವ ದೊಡ್ಡವ್ವನ ರೊಟ್ಟಿ ಕೇಂದ್ರದಿಂದ ಉದಾಹರಣೆ ಕಳಿಸು ಎಂದು ನೀನು ಬರೆದಿದ್ದೆ. ಇಲ್ಲಿ ರೊಟ್ಟಿಗಿಂತ ಅವೇ ಜಾಸ್ತಿ. ಮೊನ್ನೆ ಹೊಸ ಹಂಚು ತಂದೆವು. ಮರುದಿನ ಶೇಖವ್ವಕ್ಕನ ರೊಟ್ಟಿ ಹರಿಯತೊಡಗಿದವು.

"ಹಂಚು ಬಂತು, ರೊಟ್ಟಿ ಹರದ್ವು. ಈ ಹಂಚಿನ ಕಾಲ್ಗುಣಾನ ಸರಿ ಇಲ್ಲ" ಎಂದಳು.

"ಅವತ್ತ ಹಿಟ್ಟೂ ಹೊಸಾದು ಬಂದೈತಿ, ಯಕ್ಕಾ" ಎಂದೆ.

"ಶಾಲಿ ಬಿಟ್ಟಾಕಿ ನೀ. ನಿನ್ನ ಮಾತೇನು ಕೇಳೂದು?" ಎಂದಳು ದೊಡ್ಡವ್ವ.

ಒಂದೇ ಒಲೆಯ ಮುಂದೆ ಎರಡು ಉದಾಹರಣೆ ಸಿಕ್ಕವು, ಬರೆದುಕೋ.

ಆದರೆ ಇಲ್ಲಿ ಜಗಳ ಮುಗಿಸುವ ರೀತಿ ನಿನ್ನ ಟಿಪ್ಪಣಿಯಲ್ಲಿಲ್ಲ. ಒಲೆಗಳ ಹಿಂದಿನ ಗೂಡಿನಲ್ಲಿ ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರದ ಡಬ್ಬಿ ಇದೆ. ಬೇಳೆ ಹೊತ್ತಿಸಿದವರು ಯಾರು, ಹಾಲು ಚೆಲ್ಲಿದವರು ಯಾರು ಎಂದು ಮಾತು ಬೆಳೆದರೆ ದೊಡ್ಡವ್ವ ಆ ಡಬ್ಬಿ ತರುತ್ತಾಳೆ. ಅರಿಷಿಣದೊಳಗೆ ಬೆರಳಿಟ್ಟು ಹೇಳಿದವರ ಮಾತು ಖರೆ. ಕೈ ಹಿಂದೆಗೆದವರದು ತಪ್ಪು. ಅಲ್ಲಿಗೆ ಮುಗಿಯಿತು.

ದಸರೆಯ ನಂತರ ದುರಗವ್ವ ಎಂಬ ಹೊಸಬಳು ಸೇರಿದ್ದಾಳೆ. ಊರಿನ ಕೆಳಗಿನ ಓಣಿಯವಳು. ಅವಳು ಮಾಡುವ ಬದನೆಕಾಯಿ ಎಣ್ಣೆಗಾಯಿಯನ್ನು ಗಿರಾಕಿಗಳು ಕೇಳಿ ಒಯ್ಯುತ್ತಾರೆ. ಆದರೂ ಅವಳು ಚಹಾ ಸೋಸಿದ ದಿನ ಇಬ್ಬರು ಹೆಂಗಸರು ಚಹಾ ಮುಟ್ಟುವುದಿಲ್ಲ. ಕೇಳಿದರೆ ಪಿತ್ತ ಎನ್ನುತ್ತಾರೆ. ಉಳಿದ ದಿನ ಅವರಿಗೆ ಪಿತ್ತ ಇರುವುದಿಲ್ಲ. ಇದಕ್ಕೂ ಒಂದು ಹೆಸರು ಹುಡುಕಿ ಕಳಿಸು.

ಐಶ್ವರ್ಯಾ


ಗದಗ
17 ನವೆಂಬರ್ 2025

ಅಕ್ಕಾ,

ನಿನ್ನ ಹಂಚಿನ ಕಥೆಯನ್ನು ಅಝೀಮ ಸರ್ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಎಲ್ಲರೂ ನಕ್ಕರು. ಅದಕ್ಕೆ ಕಾಕತಾಳೀಯ ಎನ್ನಬಹುದು ಎಂದರು ಸರ್. ಕಾಗೆ ಕೂತಿತು, ಟೊಂಗೆ ಮುರಿಯಿತು, ಕಾಗೆಯಿಂದಲೇ ಮುರಿಯಿತು ಎಂದುಕೊಂಡ ಹಾಗೆ. ಒಂದರ ಹಿಂದೆ ಇನ್ನೊಂದು ಬಂದರೆ ಮೊದಲಿನದೇ ಕಾರಣ ಎಂದು ಹಿಡಿಯುವುದು. 'ಶಾಲೆ ಬಿಟ್ಟಾಕಿ' ಎಂದದ್ದು ವ್ಯಕ್ತಿದೂಷಣೆ. ಮಾತಿಗೆ ಉತ್ತರ ಕೊಡದೆ ಮಾತಾಡಿದವರನ್ನು ಹಿಡಿಯುವುದು.

ಇವತ್ತು ಅಜ್ಞಾನದ ವಾದ ಎಂಬುದನ್ನು ಹೇಳಿದರು. ಒಂದು ಇಲ್ಲ ಎಂದು ತೋರಿಸಲಾಗಲಿಲ್ಲವಾದ್ದರಿಂದ ಅದು ಇದೆ ಎನ್ನುವುದು. ಸರ್ ನಮ್ಮ ಧಾಟಿಯಲ್ಲೇ ಹೇಳಿದರು: "ನಿಮ್ಮ ಹೊಲದ ಬಾವ್ಯಾಗ ದೆವ್ವ ಇಲ್ಲ ಅಂತ ತೋರಸು. ತೋರಸಾಕ ಆಗಲಿಲ್ಲೇನು? ಹಂಗಾರ ಐತಿ, ನಡಿ." ದಿನವೆಲ್ಲ ಹುಡುಗರು ಇದನ್ನೇ ಹೇಳಿಕೊಂಡು ತಿರುಗಿದರು.

ಡಿಸೆಂಬರ್ ಆರಕ್ಕೆ ಮುಂಡರಗಿಯಲ್ಲಿ ಚರ್ಚಾ ಸ್ಪರ್ಧೆ. ವಿಷಯ, 'ಮಾತಿನ ಬಲವೇ ನ್ಯಾಯದ ಬಲ'. ನಾನು ಪರವಾಗಿ ಮಾತಾಡಬೇಕು. ಚರ್ಚೆಯಲ್ಲಿ ತರ್ಕ ಮಾತ್ರ ಸಾಲದು, ಕೇಳುವವರ ಕಣ್ಣಿಗೆ ಕಟ್ಟುವಂಥ ಉದಾಹರಣೆ ಬೇಕು ಎನ್ನುತ್ತಾರೆ ಸರ್. ಆದ್ದರಿಂದ ಕಳಿಸುತ್ತಿರು.

ಹುಚ್ಚೀರಪ್ಪ ಸಾವ್ಕಾರರ ಮಗಳ ಮದುವೆಗೆ ರೊಟ್ಟಿ ನಿಮ್ಮಲ್ಲಿಂದಲೇ ಅಂತೆ. ನನ್ನ ಹಾಸ್ಟೆಲ್ ಸೀಟಿಗೆ ಹೇಳಿದವರು ಅವರೇ ಎಂದು ನಿನಗೆ ಗೊತ್ತಿದೆ. ರೊಟ್ಟಿ ಸ್ವಲ್ಪ ತೆಳ್ಳಗೆ ಬಡಿಯಿರಿ.

ಪಿತ್ತಕ್ಕೆ ಹೆಸರು ಹುಡುಕಿದೆ. ಪುಸ್ತಕದಲ್ಲಿ ಸಿಗಲಿಲ್ಲ.

ವೀರೇಶ


ಲಕ್ಷ್ಮೇಶ್ವರ
26 ನವೆಂಬರ್ 2025

ವೀರೇಶಾ,

ಇದು ನಗುವ ಪತ್ರವಲ್ಲ.

ಸಾವ್ಕಾರರ ಮಗಳ ಮದುವೆ ರವಿವಾರ ಶಿರಹಟ್ಟಿಯ ಮಂಟಪದಲ್ಲಾಯಿತು. ನಮ್ಮಿಂದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಹೋಗಿದ್ದವು. ಅನ್ನ, ಸಾರು, ಮೊಸರು, ಸಿಹಿ ಎಲ್ಲ ಮಂಟಪದ ಅಡುಗೆಯವರದು. ಸಂಜೆಯ ಹೊತ್ತಿಗೆ ಬೀಗರ ಕಡೆಯ ಕೆಲವರಿಗೆ ವಾಂತಿ ಹತ್ತಿತು. ಸಲಾಯಿನ್ ಹಚ್ಚಿಸಿಕೊಂಡು ಮರುದಿನ ಎದ್ದರು. ಯಾರಿಗೂ ಹೆಚ್ಚಿನದೇನೂ ಆಗಲಿಲ್ಲ.

ನಿನ್ನೆ ಹುಚ್ಚೀರಪ್ಪ ಸಾವ್ಕಾರರು ಕೇಂದ್ರಕ್ಕೆ ಬಂದರು. ಕುರ್ಚಿ ಕೊಟ್ಟರೂ ಮೊದಲು ಕೂರಲಿಲ್ಲ.

"ಗದಿಗೆವ್ವಾ, ನನ್ನ ಮಗಳು ಗಂಡನ ಮನ್ಯಾಗ ಕುಂತು ಅಳಾಕತ್ತಾಳ. ನಾ ಬೀಗರಿಗೆ ಏನರ ಒಂದು ಹೇಳಬೇಕು. ಯಾರು ಮಾಡಿದ್ದಿದು?"

"ಇಷ್ಟು ವರ್ಷ ಆತು, ನಮ್ಮ ಅಡಗಿ ಯಾರಿಗೂ ಕೆಟ್ಟಿಲ್ಲರಿ ಸಾವ್ಕಾರ್ರ."

"ಹಂಗಾರ ಈ ಸಲ ಹೊಸಾದು ಏನಿತ್ತು?"

ಎಲ್ಲರೂ ದುರಗವ್ವಕ್ಕನ ಕಡೆ ನೋಡಿದರು. ಅದೇ ಉತ್ತರವಾಯಿತು.

ಶೇಖವ್ವಕ್ಕ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಎಣ್ಣೆಗಾಯಿ ಬೋಗಾಣಿ ಟೆಂಪೋದಾಗ ಏರಿಸಿದಾಕಿ ಅಕಿನ. ಮುಚ್ಚಳಾ ಮುಚ್ಚಿದ್ಲೋ ಇಲ್ಲೋ, ಯಾರಿಗೆ ಗೊತ್ತು. ಹಾದ್ಯಾಗ ಏನ ಬಿತ್ತೋ."

"ಮುಚ್ಚೇನ್ರಿ. ಮುಚ್ಚಿ ಅರಿವಿ ಕಟ್ಟೇನಿ" ಎಂದಳು ದುರಗವ್ವಕ್ಕ. ಎದ್ದು ಭಂಡಾರದ ಗೂಡಿನ ಕಡೆ ಹೊರಟಳು.

"ನಿಂದರು" ಎಂದರು ಸಾವ್ಕಾರರು. "ನೀ ಅದನ್ನ ಮುಟ್ಟಬ್ಯಾಡ. ತಪ್ಪು ಮಾಡಿದಾಕಿ ಆಣಿ ಮಾಡಾಕ ಹೆದರ್ತಾಳೇನು? ನೋಡಿದವ್ರು ಮುಟ್ಟಿ ಹೇಳ್ಲಿ."

ಶೇಖವ್ವಕ್ಕ ಎಷ್ಟು ಸಲ ತನ್ನ ಪರವಾಗಿ ತಾನೇ ಮುಟ್ಟಿ ಹೇಳಿಲ್ಲ! ಆಗ ಯಾರೂ ನಿಂದರು ಎಂದಿರಲಿಲ್ಲ. ದುರಗವ್ವಕ್ಕ ನನ್ನ ಕಡೆ ಕೈ ಮಾಡಿದಳು.

"ಐಶ್ವರ್ಯಾ ಬಾಜೂಕನ ಇದ್ಲರಿ. ರೊಟ್ಟಿ ಗಂಟು ಕಟ್ಟಾಕತ್ತಿದ್ಲು. ಅಕೀನ ಕೇಳ್ರಿ."

ನಾನು ಡಬ್ಬಿಯಲ್ಲಿ ಬೆರಳಿಟ್ಟೆ. ಅವಳ ಮುಖದಲ್ಲಿ ಭರವಸೆ ಇತ್ತು. ಒಂದು ಮಾತು, 'ಮುಚ್ಚಿದ್ಲು' ಎಂದರೆ ಮುಗಿಯುತ್ತಿತ್ತು. ಆದರೆ ಬೋಗಾಣಿ ಏರಿಸುವ ಹೊತ್ತಿಗೆ ನನ್ನ ಕಣ್ಣು ಗಂಟಿನ ಮೇಲಿತ್ತು. ಬೆನ್ನು ಅವಳ ಕಡೆಗಿತ್ತು.

"ಮುಚ್ಚಿದ್ದನ್ನ ನಾ ನೋಡಿಲ್ಲ" ಎಂದೆ.

ಮುಂದೆ ಹೇಳುವುದಿತ್ತು. ನಾನು ಆ ಕಡೆ ನೋಡಲೇ ಇಲ್ಲ ಎಂಬುದು. ಅಷ್ಟರಲ್ಲಿ ಸಾವ್ಕಾರರು ಕುರ್ಚಿ ಬಿಟ್ಟು ಎದ್ದರು. "ಮುಗೀತು. ಅಕಿ ಕರದ ಸಾಕ್ಷೀನ ಹೇಳಿತು."

"ದುರಗವ್ವಾ, ಸ್ವಲ್ಪ ದಿನಾ ಮನ್ಯಾಗ ಇರು" ಎಂದಳು ದೊಡ್ಡವ್ವ. ಅವಳ ಮುಖ ನೋಡದೆ ಹೇಳಿದಳು.

ದುರಗವ್ವಕ್ಕ ಅಳಲಿಲ್ಲ. ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡಳು. ಹೋಗುವಾಗ ನನ್ನ ಹತ್ತಿರ ನಿಂತು ಕೇಳಿದಳು, "ನೀ ನೋಡಿಲ್ಲಂದ್ರ ನಾ ಮುಚ್ಚಿಲ್ಲಂತೇನು, ತಂಗಿ?"

ನಾನು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಮಾತಿನಿಂದ ಒಂದು ಸುಳ್ಳು ಹುಟ್ಟಿತು. ಇದಕ್ಕೆ ನಿನ್ನ ಪುಸ್ತಕದಲ್ಲಿ ಹೆಸರು ಇರಬಹುದು. ನನಗೆ ಹೆಸರಿಗಿಂತ ದಾರಿ ಬೇಕು. ಅಡುಗೆ ಕೆಡಿಸಿದವಳು ಎಂಬ ಮಾತು ನಿಂತರೆ ಅವಳನ್ನು ಈ ಭಾಗದಲ್ಲಿ ಯಾರೂ ಒಲೆಯ ಹತ್ತಿರ ಬಿಡುವುದಿಲ್ಲ. ಮೊದಲೇ ಬಿಡಲು ಮನಸ್ಸಿಲ್ಲದವರು. ಜಲ್ದಿ ಬರೆ.

ಐಶ್ವರ್ಯಾ


ಗದಗ
1 ಡಿಸೆಂಬರ್ 2025

ಅಕ್ಕಾ,

ಪತ್ರ ಓದಿದೆ. 'ಹೊಸಾದು ಏನಿತ್ತು' ಎಂದು ಕೇಳಿ ದುರಗವ್ವನ ಮೇಲೆ ಹಾಕಿದ್ದು ಕಾಕತಾಳೀಯ. ಅವಳನ್ನು ಭಂಡಾರ ಮುಟ್ಟಗೊಡದಿದ್ದದ್ದು ವ್ಯಕ್ತಿದೂಷಣೆ, ಬಾಯಿ ತೆರೆಯುವ ಮೊದಲೇ ಮಾತನ್ನು ಕೆಡಿಸಿಬಿಡುವುದು. ನೀನು ನೋಡಿಲ್ಲ ಎಂದದ್ದನ್ನು ಅವಳು ಮುಚ್ಚಿಲ್ಲ ಎಂದು ತೆಗೆದುಕೊಂಡದ್ದು ಅಜ್ಞಾನದ ವಾದ. ಬಾವಿಯ ದೆವ್ವದ ಹಾಗೆ. ಒಂದೇ ಘಟನೆಯಲ್ಲಿ ಇಷ್ಟು ಸಿಗುವುದು ಅಪರೂಪ. ಹೆಸರು ಬದಲಿಸಿ ಇದನ್ನು ಚರ್ಚೆಯಲ್ಲಿ ಹೇಳಲೇ?

ಆದರೆ ನೀನು ನಿನಗೆ ತಿಳಿದ ಸತ್ಯ ಹೇಳಿದ್ದೀಯ. ಅಲ್ಲಿಗೆ ನಿನ್ನ ಕರ್ತವ್ಯ ಮುಗಿಯಿತು. ಗದಿಗೆವ್ವ ದೊಡ್ಡವ್ವನ ಕೇಂದ್ರದ ಹೆಸರು ಉಳಿಯಿತು, ಬೀಗರಿಗೂ ಸಮಾಧಾನವಾದೀತು. ದುರಗವ್ವ ಬೇರೆ ಕೆಲಸ ನೋಡಿಕೊಂಡಾಳು. ಎಲ್ಲ ಕಡೆಯಿಂದ ವಿಚಾರ ಮಾಡಿದರೆ ನೀನು ಈಗ ಸುಮ್ಮನಿರುವುದೇ ಲೇಸು. ದೊಡ್ಡವರ ವಿಷಯದಲ್ಲಿ ಕೈ ಹಾಕಿದರೆ ನಮ್ಮಂಥವರಿಗೆ ಒಳ್ಳೆಯದಾಗುವುದಿಲ್ಲ.

ಸ್ಪರ್ಧೆಯ ತಯಾರಿಯಲ್ಲಿದ್ದೇನೆ. ಅವ್ವನಿಗೆ ಕಾಲಿಗೆ ಬಿಸಿನೀರು ಹಾಕಿಕೊಳ್ಳಲು ಹೇಳು.

ವೀರೇಶ


ಲಕ್ಷ್ಮೇಶ್ವರ
4 ಡಿಸೆಂಬರ್ 2025

ವೀರೇಶಾ,

ನಿನ್ನ ಹೆಸರುಗಳನ್ನು ಕೇಂದ್ರಕ್ಕೆ ಒಯ್ದೆ. ಹಿಟ್ಟು ನಾದುವ ಹೊತ್ತಿನಲ್ಲಿ ದೊಡ್ಡವ್ವನ ಮುಂದೆ ಒಂದೊಂದಾಗಿ ಇಟ್ಟೆ. ಇದು ಕಾಕತಾಳೀಯ, ಇದು ವ್ಯಕ್ತಿದೂಷಣೆ, ಇದು ಅಜ್ಞಾನದ ವಾದ.

"ಅಜ್ಞಾನ ಯಾರಿಗೆ, ನನಗೇನು?" ಎಂದಳು ದೊಡ್ಡವ್ವ. "ನಿನ್ನ ತಮ್ಮ ಕಲ್ತದ್ದು ನಿನ್ನ ಬಾಯಾಗ ಬರಾಕತ್ತೈತಿ. ಅವಂಗ ಹೇಳು, ಒಂದು ದಿನಾ ಬಂದು ಈ ಒಲಿ ಮುಂದ ಕುಂತು ಹತ್ತು ಮಂದೀನ ಸಂಭಾಳಸು ಅಂತ."

"ಬರ್ರಿ ಬರ್ರಿ, ವಕೀಲ್ರು ಬಂದ್ರು" ಎಂದಳು ಶೇಖವ್ವಕ್ಕ. "ಕೋರ್ಟ್ ಆಮ್ಯಾಲೆ ನಡಸೂಣು, ಮೊದಲ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿ ಹಾಕು."

ಎಲ್ಲರೂ ನಕ್ಕರು. ದೊಡ್ಡವ್ವ ಮಾತ್ರ ನಗಲಿಲ್ಲ. ಆಗಿನಿಂದ ಅವಳು ನನ್ನೊಂದಿಗೆ ಕೆಲಸದ ಮಾತು ಬಿಟ್ಟರೆ ಬೇರೆ ಆಡುತ್ತಿಲ್ಲ. ಎದುರಿನವರ ತಪ್ಪಿಗೆ ಹೆಸರು ಹಚ್ಚಿದ ಕೂಡಲೇ ಅವರು ಕೇಳುವುದನ್ನು ಬಿಡುತ್ತಾರೆ. ಇದನ್ನೂ ನಿಮ್ಮ ಸರ್‌ಗೆ ಹೇಳು.

ನಿನ್ನೆ ದುರಗವ್ವಕ್ಕನ ಮನೆಗೆ ಹೋಗಿದ್ದೆ. ಉಳ್ಳಾಗಡ್ಡಿ ಕೊಯ್ಯುವ ಕೆಲಸಕ್ಕೆ ಹೋಗಿ ಆಗ ತಾನೇ ಬಂದಿದ್ದಳು. ಅದು ಸುಗ್ಗಿ ಇರುವ ತನಕ. ಒಳಗೆ ಕರೆದಳು, ನೀರು ಕೊಡಲೋ ಬೇಡವೋ ಎಂದು ಅನುಮಾನಿಸಿದಳು. ನಾನೇ ಕೊಡದಿಂದ ತುಂಬಿಕೊಂಡು ಕುಡಿದೆ.

"ನೀ ಸುಳ್ಳು ಹೇಳಬೇಕಿತ್ತು ಅನ್ನಂಗಿಲ್ಲ ನಾ" ಎಂದಳು. "ಖರೇನ ಪೂರಾ ಹೇಳಬೇಕಿತ್ತು. ಅರ್ಧಾ ಹೇಳಿ ಯಾಕ ಬಿಟ್ಟಿ?"

"ಸಾವ್ಕಾರ್ರು ಎದ್ದುಬಿಟ್ರು, ಯಕ್ಕಾ."

"ಅವ್ರು ಎದ್ರ ನಿನ್ನ ಬಾಯಿಗೇನಾಗಿತ್ತು?"

ಎದ್ದು ಬಂದೆ.

ಈಗ ಹೊಸ ಸಂಗತಿ. ಹದಿನಾಲ್ಕನೇ ತಾರೀಖು ರವಿವಾರ ಸಾವ್ಕಾರರು ಬೀಗರನ್ನು ಕೇಂದ್ರಕ್ಕೆ ಕರೆತರುತ್ತಾರಂತೆ. ಅವರೆದುರು ದೊಡ್ಡವ್ವ ಭಂಡಾರ ಮುಟ್ಟಿ, ತಪ್ಪು ದುರಗವ್ವನದು, ಅವಳನ್ನು ತೆಗೆದುಹಾಕಿದ್ದೇನೆ ಎನ್ನಬೇಕು. ನಾನು ಸಾಕ್ಷಿಯಾಗಿ ಹೌದು ಎನ್ನಬೇಕು. ಈಗ ಅದು ಬರೀ ಅನುಮಾನ. ಆವತ್ತು ಆಣೆಯಾದರೆ ತೀರ್ಪಾಗುತ್ತದೆ. ಆಮೇಲೆ ಅವಳಿಗೆ ಯಾವ ಅಡುಗೆಮನೆಯೂ ಇಲ್ಲ.

ಕೊನೆಗೆ ನಿನ್ನ ವಿಷಯ. ನಿನ್ನ ಪತ್ರದ ಮೊದಲ ಅರ್ಧ ನೀನು ಬರೆದದ್ದು. ಉಳಿದರ್ಧ ಯಾರದು? 'ದೊಡ್ಡವರ ವಿಷಯ' ಎಂಬ ಮಾತು ನಿನ್ನ ಬಾಯಿಂದ ನಾನು ಎಂದೂ ಕೇಳಿಲ್ಲ. ಯಾರು ನಿನಗೆ ಏನು ಹೇಳಿದರು?

ಚರ್ಚೆಯಲ್ಲಿ ಬೇಕಾದರೆ ಹೇಳು. ಹೆಸರು ಬದಲಿಸು. ಕೊನೆಯನ್ನು ಮಾತ್ರ ಬದಲಿಸಬೇಡ.

ಐಶ್ವರ್ಯಾ


ಲಕ್ಷ್ಮೇಶ್ವರ
9 ಡಿಸೆಂಬರ್ 2025

ವೀರೇಶಾ,

ರವಿವಾರ ಫೋನ್ ಮಾಡಲಿಲ್ಲ. ಪತ್ರಕ್ಕೂ ಉತ್ತರವಿಲ್ಲ. ಸುಮ್ಮನಿದ್ದವರದು ತಪ್ಪು ಎಂದು ಇಲ್ಲಿಯವರ ಹಾಗೆ ನಾನೂ ತೀರ್ಮಾನ ಮಾಡಿಬಿಡಬಹುದು. ಮಾಡುವುದಿಲ್ಲ. ನೀನು ಯಾಕೆ ಸುಮ್ಮನಿದ್ದೀ ಎಂಬುದು ನನಗೆ ಗೊತ್ತಿಲ್ಲ, ಅಷ್ಟೇ. ಹದಿನಾಲ್ಕರೊಳಗೆ ಬರೆ.

ಐಶ್ವರ್ಯಾ


ಗದಗ
10 ಡಿಸೆಂಬರ್ 2025

ಅಕ್ಕಾ,

ನಿನ್ನ ನಾಲ್ಕನೇ ತಾರೀಖಿನ ಪತ್ರ ನನ್ನ ಕೈಗೆ ಬಂದದ್ದು ಎಂಟಕ್ಕೆ. ಸ್ಪರ್ಧೆ ಆರಕ್ಕೇ ಮುಗಿದಿತ್ತು. ಓದಿದ ಮೇಲೆ ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ.

ಹೌದು, ಒಬ್ಬರು ಹೇಳಿದ್ದರು. ನವೆಂಬರ್ ಕೊನೆಗೆ ಹುಚ್ಚೀರಪ್ಪ ಸಾವ್ಕಾರರು ಹಾಸ್ಟೆಲ್ಲಿಗೆ ಬಂದಿದ್ದರು. ಚಕ್ಕುಲಿ ಡಬ್ಬಿ ಕೊಟ್ಟರು. ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಬೆನ್ನ ಮೇಲೆ ಕೈಯಿಟ್ಟು ಮಾತಾಡಿದರು. "ನಿಮ್ಮಕ್ಕ ಶ್ಯಾಣ್ಯಾಕಿ. ಹೇಳೂದು ಹೇಳ್ಯಾಳ, ಅಷ್ಟಕ್ಕ ಸಾಕು ಅಂತ ಬರಿ. ಮುಂದಿನ ವರ್ಷಾನೂ ನಿನ್ನ ಸೀಟು ಇರಬೇಕಲ್ಲ ತಮ್ಮಾ?" ನಗುತ್ತಲೇ ಹೇಳಿದರು. ಬೈದಿದ್ದರೆ ಗುರುತು ಹಿಡಿಯುತ್ತಿದ್ದೆನೇನೋ. ಬೆದರಿಕೆಯ ವಾದ ಎಂಬ ಪಾಠದ ಕೆಳಗೆ ನಾನೇ ಪರೀಕ್ಷೆಗೆಂದು ಗೆರೆ ಎಳೆದಿದ್ದೆ. ಆದರೂ ಮರುದಿನ ಅವರು ಹೇಳಿದ್ದನ್ನೇ ಸ್ವಲ್ಪ ನಯ ಮಾಡಿ ನಿನಗೆ ಬರೆದೆ.

ಮುಂಡರಗಿಯಲ್ಲಿ ದುರಗವ್ವನ ಕಥೆಯನ್ನು ಹೇಳಿದೆ. ಕೊನೆಗೆ ತೀರ್ಪುಗಾರರಲ್ಲಿ ಒಬ್ಬ ಮೇಡಂ ಕೇಳಿದರು, "ಆ ಹೆಂಗಸು ಈಗ ಎಲ್ಲಿದ್ದಾಳೆ?" ನನಗೆ ಉತ್ತರ ಗೊತ್ತಿರಲಿಲ್ಲ. "ಅವರಿಗೆ ನ್ಯಾಯ ಸಿಕ್ಕಿತು" ಎಂದುಬಿಟ್ಟೆ. ಚಪ್ಪಾಳೆ ಬಿದ್ದವು. ಎರಡನೇ ಬಹುಮಾನ ಬಂತು. ಎರಡು ದಿನ ಬಿಟ್ಟು ನಿನ್ನ ಪತ್ರ ಬಂತು. ಕೊನೆಯ ಸಾಲು ಓದಿ ಊಟಕ್ಕೆ ಹೋಗಲಿಲ್ಲ.

ಅಝೀಮ ಸರ್‌ಗೆ ಎಲ್ಲ ಹೇಳಿದೆ. ಸೀಟಿನ ಮಾತೊಂದನ್ನು ಬಿಟ್ಟು. ಅವರು ಹೇಳಿದರು: ಆರೋಪ ಮಾಡಿದವರೇ ಅದನ್ನು ತೋರಿಸಬೇಕು. ಅದಕ್ಕೆ ರುಜುವಾತಿನ ಹೊಣೆ ಎನ್ನುತ್ತಾರೆ. ನಾನು ಮಾಡಿಲ್ಲ ಎಂದು ತೋರಿಸುವುದು ಆರೋಪ ಹೊತ್ತವರ ಕೆಲಸವಲ್ಲ. ನೀವೆಲ್ಲ ಮುಚ್ಚಿದ್ದನ್ನು ಯಾರು ನೋಡಿದರು ಎಂದು ಕೇಳಿದಿರಿ. ಮುಚ್ಚದೆ ಬಿಟ್ಟದ್ದನ್ನು ಯಾರು ನೋಡಿದರು ಎಂದು ಕೇಳಬೇಕಿತ್ತು.

ನನ್ನ ಸೀಟಿನ ಚಿಂತೆ ಬಿಡು ಎಂದು ಬರೆಯಬೇಕೆಂದಿದ್ದೆ. ಆಗುತ್ತಿಲ್ಲ. ನನಗೆ ಹೆದರಿಕೆ ಇದೆ. ಆದರೂ ನೀನು ಪೂರಾ ಹೇಳು.

ವೀರೇಶ


ಲಕ್ಷ್ಮೇಶ್ವರ
18 ಡಿಸೆಂಬರ್ 2025

ವೀರೇಶಾ,

ನಿನ್ನ ಪತ್ರ ಶನಿವಾರ ಸಿಕ್ಕಿತು. ಹೆದರಿಕೆ ಇದೆ ಎಂದು ಬರೆದದ್ದು ಒಳ್ಳೆಯದಾಯಿತು. ನನಗೂ ಇತ್ತು.

ರವಿವಾರ ಬೀಗರ ಕಡೆಯಿಂದ ವರನ ಅಜ್ಜಿ ಮತ್ತು ತಂದೆ ಬಂದರು. ತಂದೆ ಮಾತಾಡುವವರಲ್ಲ. ಅಜ್ಜಿಗೆ ಚಾಪೆ ಹಾಸಿ ಚಹಾ ಕೊಟ್ಟೆವು. ಹುಚ್ಚೀರಪ್ಪ ಸಾವ್ಕಾರರು ಹೊಸ ಟವೆಲ್ ಹಾಕಿಕೊಂಡು ಕುರ್ಚಿಯ ತುದಿಗೆ ಕೂತಿದ್ದರು.

"ನೋಡ್ರಿ ಯವ್ವಾ, ನಮ್ಮ ಕಡೆಯಿಂದ ಏನೂ ಕಡಿಮಿ ಆಗಿಲ್ಲ. ಇಲ್ಲಿ ಅಡಗಿಯಾಕಿ ಒಬ್ಬಾಕಿಯಿಂದ ಆದದ್ದು. ತಗದ ಹಾಕ್ಯಾರ. ಅವರ ಬಾಯಿಂದನ ಕೇಳ್ರಿ."

ದೊಡ್ಡವ್ವ ಡಬ್ಬಿ ತಂದು ಬೆರಳಿಟ್ಟಳು. "ತಪ್ಪು..." ಎಂದವಳು ನಿಂತಳು. ಅವಳೂ ಭಂಡಾರಕ್ಕೆ ಹೆದರುವವಳೇ. ತನಗೆ ಗೊತ್ತಿಲ್ಲದ್ದನ್ನು ಹೇಳಲು ನಾಲಿಗೆ ಏಳಲಿಲ್ಲ ಎಂದು ನನಗನಿಸಿತು. ಅನಿಸಿತು ಅಷ್ಟೇ, ಕೇಳಿಲ್ಲ.

"ದೊಡ್ಡವ್ವಾ, ಮೊದಲ ನಾ ಹೇಳತೇನಿ. ಅವತ್ತ ಅರ್ಧಾ ಹೇಳಿದ್ದೆ" ಎಂದು ಡಬ್ಬಿ ಇಸಿದುಕೊಂಡೆ.

"ನಿಂದು ಹೇಳಿ ಆಗೇತಲ್ಲವಾ" ಎಂದರು ಸಾವ್ಕಾರರು.

"ಆಗಿಲ್ಲರಿ. ನೀವು ಎದ್ರಿ, ನನ್ನ ಮಾತು ಅಲ್ಲೇ ನಿಂತು ಬಿಡ್ತು."

ಬೆರಳಿಟ್ಟು ಹೇಳಿದೆ. "ದುರಗವ್ವಕ್ಕ ಮುಚ್ಚಳ ಮುಚ್ಚಿದ್ದು ನಾ ನೋಡಿಲ್ಲ. ಮುಚ್ಚದ ಬಿಟ್ಟಿದ್ದೂ ನೋಡಿಲ್ಲ. ನನ್ನ ಬೆನ್ನು ಅತ್ಲಾಗ ಇತ್ತು. ಮಂದಿಗೆ ಯಾಕ ವಾಂತಿ ಆತು, ನನಗ ಗೊತ್ತಿಲ್ಲ. ಅಕಿ ಮುಚ್ಚಲಿಲ್ಲ ಅಂತ ಕಣ್ಣಿಲೆ ನೋಡಿದವ್ರು ಯಾರರ ಇದ್ರ ಈ ಡಬ್ಯಾಗ ಕೈ ಇಟ್ಟು ಹೇಳ್ರಿ. ಹೇಳಿದ್ರ ನಾನೂ ಒಪ್ಪತೇನಿ."

ಮೊದಲು ಶೇಖವ್ವಕ್ಕನ ಮುಂದೆ ಹಿಡಿದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾ ಏನಂದೆ? ಮುಚ್ಚಿದ್ಲೋ ಇಲ್ಲೋ ಅಂದೆ. ಅಷ್ಟ ಅಂದದ್ದು." ಉಳಿದವರ ಮುಂದೆ ಹಿಡಿದೆ. ಪಿತ್ತದ ಇಬ್ಬರೂ ಒಲೆಯ ಕಡೆ ತಿರುಗಿದರು. ಕೊನೆಗೆ ಸಾವ್ಕಾರರ ಮುಂದೆ ಹೋಗಿ ನಿಂತೆ.

"ನನಗ್ಯಾಕ ಹಿಡೀತಿ? ನಾ ಅವತ್ತ ಶಿರಹಟ್ಟಿ ಮಂಟಪದಾಗ ಇದ್ದೆ. ಇಲ್ಲೆಲ್ಲಿದ್ದೆ?"

"ಇಲ್ಲಿ ಇರಲಿಲ್ಲಂದ್ರ ಅಕಿಂದನ ತಪ್ಪು ಅಂತ ಹೆಂಗ ಗೊತ್ತಾತ್ರಿ ಬೀಗರ?" ಎಂದಳು ಅಜ್ಜಿ, ಚಹಾ ಬಸಿ ಕೆಳಗಿಟ್ಟು.

"ಎಲ್ಲಾರೂ ಅಂದ್ರು."

"ಎಲ್ಲಾರೂ ಅಂದ್ರ ಯಾರು? ಇಲ್ಲಿ ಒಬ್ರೂ ಕೈ ಇಡವಲ್ರು."

ಸಾವ್ಕಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನ್ನ ಮಗಳು ಅಳಾಕತ್ತಾಳ್ರಿ ಯವ್ವಾ. ನಿಮ್ಮ ಮನ್ಯಾಗ ಊಟದ ಮಾತು ತಗದು ಅಂದಿರಬೇಕು ಅಂತ..." ಅವರ ಧ್ವನಿ ಇಳಿದಿತ್ತು. ಅವರ ಮೇಲೆ ನನಗಿದ್ದ ಸಿಟ್ಟು ಆ ಕ್ಷಣಕ್ಕೆ ಎಲ್ಲಿಡಬೇಕೋ ತಿಳಿಯಲಿಲ್ಲ.

"ಯಾರೂ ಏನೂ ಅಂದಿಲ್ಲ. ಹೊಸಾ ಸೊಸಿ ಅತ್ತರ ಊಟದ ಸಲುವಾಗೇ ಅಳಬೇಕೇನು? ತವರಮನಿ ನೆನಪಾಗಿ ಅಳತಾಳ. ನಾನೂ ಅತ್ತೀನಿ, ಗದಿಗೆವ್ವನೂ ಅತ್ತಿರತಾಳ. ನೀವು ಒಂದ ಸಲ ಬಂದು ಅಕೀನ ಕೇಳಿದ್ರೇನು?"

ಸಾವ್ಕಾರರು ಕೇಳಿರಲಿಲ್ಲ. ಮದುವೆಯಾಯಿತು, ಊಟ ಕೆಟ್ಟಿತು, ಮಗಳು ಅತ್ತಳು. ಕೂಡಿಸಿಕೊಂಡಿದ್ದರು ಅಷ್ಟೇ. ಹಂಚು ಬಂತು, ರೊಟ್ಟಿ ಹರಿಯಿತು ಎಂದವಳಿಗೂ ಅವರಿಗೂ ವ್ಯತ್ಯಾಸವಿಲ್ಲ. ಆದರೆ ಅವರ ಮಾತಿಗೆ ಒಬ್ಬಳ ಅನ್ನ ಹೋಯಿತು.

ಅಜ್ಜಿ ಮತ್ತೆ ಅಂದಳು, "ನಾ ಆ ಎಣ್ಣೆಗಾಯಿ ಎರಡ ಸಲ ಹಾಕಿಸ್ಕೊಂಡೀನಿ. ನನಗೇನೂ ಆಗಿಲ್ಲ."

ಎಲ್ಲರಿಗೂ ಉಸಿರು ಬಂತು. ನಾನು ಅಲ್ಲಿಗೆ ಬಿಡಬೇಕಿತ್ತು. "ನಿಮಗ ಆಗಿಲ್ಲಂದ್ರ ಅದರಾಗ ಏನೂ ಇರಲಿಲ್ಲ ಅಂತನೂ ಅಲ್ಲರಿ ಅಜ್ಜಿ" ಎಂದೆ. ದೊಡ್ಡವ್ವ ಹಿಂದಿನಿಂದ ರಟ್ಟೆ ಚಿವುಟಿದಳು. ಇನ್ನೂ ಕಲೆ ಇದೆ.

ಅಜ್ಜಿ ಬಾಯ್ತುಂಬ ನಕ್ಕಳು. "ಈ ಹುಡಗೀನ ಯಾರೂ ಸಾಕ್ಷಿಗೆ ಕರೀಬ್ಯಾಡ್ರೆವ್ವಾ. ಎರಡೂ ಕಡೆಯವ್ರನ್ನ ಮುಳಗಸ್ತಾಳ."

ದೊಡ್ಡವ್ವ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಬೆರಳಿಟ್ಟಳು. "ನನಗೂ ಗೊತ್ತಿಲ್ಲರಿ" ಎಂದಳು. ಆ ಗೂಡಿನ ಮುಂದೆ ಆ ಮಾತು ಹೇಳಿದವರನ್ನು ನಾನು ಈವರೆಗೆ ಕಂಡಿರಲಿಲ್ಲ. ಸಾವ್ಕಾರರು ನನ್ನ ಕಡೆ ನೋಡದೆ ಹೊರಟರು. ನಿನ್ನ ಸೀಟಿಗೆ ಏನೂ ಆಗುವುದಿಲ್ಲ ಎಂದು ಹೇಳಲಾರೆ. ಆದೀತು, ಆಗದಿದ್ದೀತು. ಸೀಟು ಹೋದರೆ ಮನೆಯಿಂದ ಬಸ್ಸಿಗೆ ಓಡಾಡಿ ಕಲಿಯುವಿಯಂತೆ, ಬುತ್ತಿ ನಾನು ಕಟ್ಟುತ್ತೇನೆ. ಆ ಚರ್ಚೆಯ ಮೇಡಂಗೆ ಒಂದು ಕಾಗದ ಹಾಕು. 'ನ್ಯಾಯ ಸಿಕ್ಕಿತು' ಎಂದು ನೀನು ಹೇಳಿದಾಗ ಅದು ಸುಳ್ಳಾಗಿತ್ತು ಎಂದು ಬರೆ. ಈಗಲೂ ಪೂರ್ತಿ ಖರೆಯಲ್ಲ, ಅದನ್ನೂ ಬರೆ.

ಸೋಮವಾರ ದುರಗವ್ವಕ್ಕನನ್ನು ಕೆಲಸಕ್ಕೆ ಕರೆಯಲು ದೊಡ್ಡವ್ವ ನನ್ನನ್ನೇ ಅವಳ ಮನೆಗೆ ಕಳಿಸಿದಳು.

"ತಪ್ಪು ನಂದಲ್ಲ ಅಂತ ಆತೇನು?" ಎಂದು ಕೇಳಿದಳು ದುರಗವ್ವಕ್ಕ.

"ಇಲ್ಲ. ಯಾರಿಗೂ ಗೊತ್ತಿಲ್ಲ ಅಂತ ಆತು."

"ಅಷ್ಟನಾ?"

"ಅಷ್ಟ, ಯಕ್ಕಾ."

ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

ಈಗ ದಿನಾ ಬರುತ್ತಾಳೆ. ಎಣ್ಣೆಗಾಯಿ ಅವಳದೇ. ಅವಳು ಚಹಾ ಸೋಸಿದರೆ ಆ ಇಬ್ಬರಿಗೆ ಈಗಲೂ ಪಿತ್ತ. ನನ್ನೊಂದಿಗೆ ಅವಳಿಗೆ ಮಾತಿಲ್ಲ. ಟೆಂಪೋಕ್ಕೆ ಸಾಮಾನು ಏರಿಸುವ ಹೊತ್ತಿಗೆ ಮಾತ್ರ ಹೊರಗಿನಿಂದ ಗಟ್ಟಿಯಾಗಿ ಕರೆಯುತ್ತಾಳೆ, "ಐಶ್ವರ್ಯಾ, ಬಾ, ನೋಡು." ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನಿಲ್ಲುತ್ತೇನೆ. ಅವಳು ಬೋಗಾಣಿಗೆ ಮುಚ್ಚಳ ಹಾಕಿ, ಬಟ್ಟೆ ಬಿಗಿದು, ಗಂಟು ಹಾಕಿ, ನನ್ನ ಮುಖ ನೋಡುತ್ತಾಳೆ.

"ನೋಡಿದ್ಯೇನು?"

"ನೋಡಿದೆ."

ಆಮೇಲೆ ಮುಂದಿನ ಬೋಗಾಣಿ.

ಐಶ್ವರ್ಯಾ